ಟೆನಿಸ್ಸಿಗೂ ಒಂದು ತಿರುಗಾಟ ಬೇಕು

ಕಾರವಾರ, ಅಂಕೋಲೆ ಕಡೆ ಯಾರಿಗಾದರೂ "ನಾನು ಕಾಲೇಜಿನ ಟೆನಿಸ್ ತಂಡದಲ್ಲಿದ್ದೇನೆ" ಅಂತ ಹೇಳಿ ನೋಡಿ. ತಕ್ಷಣ ಬರುವ ಪ್ರಶ್ನೆ ಒಂದೇ: "ಬ್ಯಾಟಿಂಗೋ, ಬೌಲಿಂಗೋ?" ಅವರ ತಪ್ಪೇನಿಲ್ಲ. ನಮ್ಮೂರಲ್ಲಿ ಟೆನಿಸ್ ಅಂದ್ರೆ ಟೆನಿಸ್ ಬಾಲ್, ಟೆನಿಸ್ ಬಾಲ್ ಅಂದ್ರೆ ಕ್ರಿಕೆಟ್. ಮಳೆ ನಿಂತು ಮೈದಾನ ಒಣಗಿದರೆ ಸಾಕು, ಬಸ್‌ಸ್ಟ್ಯಾಂಡಿನಿಂದ ಹಿಡಿದು ಮೀನು ಮಾರ್ಕೆಟ್ಟಿನ ತನಕ "ಹೊನಲು ಬೆಳಕಿನ ಪಂದ್ಯಾವಳಿ" ಅಂತ ಬ್ಯಾನರ್ ಏಳ್ತವೆ. ಪ್ರಥಮ ಬಹುಮಾನ ಇಷ್ಟು, ದ್ವಿತೀಯ ಇಷ್ಟು, ಸರಣಿಶ್ರೇಷ್ಠನಿಗೆ ಇದು. ಚೆಂಡು ಮಾತ್ರ ಟೆನಿಸ್ಸಿನದೇ. ಚೆಂಡು ನಮ್ಮೂರಿಗೆ ಬಂತು, ಅದರ ಆಟ ಘಟ್ಟ ಇಳಿಯಲೇ ಇಲ್ಲ.

ನಾನು ಅಂಕೋಲೆಯವನು. ಪಿಯು ಮುಗಿಸಿ ಘಟ್ಟ ಹತ್ತುವ ತನಕ ಟೆನಿಸ್ ರಾಕೆಟ್ ಕೈಯಲ್ಲಿ ಹಿಡಿದಿರಲಿಲ್ಲ. ನಮ್ಮ ತಂಡದಲ್ಲಿ ನಾಲ್ಕು ಜನ ಇದ್ದೇವೆ. ನನ್ನನ್ನೂ ಸೇರಿಸಿ ಇಬ್ಬರು ಉತ್ತರ ಕನ್ನಡದ ಕರಾವಳಿಯವರು, ಇಬ್ಬರೂ ಹದಿನೆಂಟನೇ ವಯಸ್ಸಿಗೆ ಕಲಿತವರು. ಈ ವರ್ಷ ಒಂದು ಮಾತು ಕೇಳಿಬರ್ತಾ ಇದೆ: ಟೆನಿಸ್ ತಂಡ ಕಳಿಸೋದು ನಿಲ್ಲಿಸಿದರೆ ಹೇಗೆ, ಫಲಿತಾಂಶ ಇಲ್ಲವಲ್ಲ ಅಂತ. ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಲೆಕ್ಕದ ಪುಸ್ತಕ ನೋಡಿದರೆ ಅವರು ಹೇಳೋದು ನಿಜ. ನನ್ನ ತಕರಾರು ಬೇರೆ. ಫಲಿತಾಂಶ ಬರುವಷ್ಟು ಪಂದ್ಯಗಳನ್ನು ನಾವು ಆಡಿಯೇ ಇಲ್ಲ. ವರ್ಷಕ್ಕೆ ಒಂದೇ ಸಲ ಪರೀಕ್ಷೆಗೆ ಕೂರಿಸಿ, ಒಂದೇ ಪ್ರಶ್ನೆ ಕೇಳಿ, ಉತ್ತರ ಬರದಿದ್ದರೆ "ಈ ವಿಷಯವೇ ಬೇಡ" ಅಂದ ಹಾಗೆ ಇದು.

ಹೇಗೆ ಅಂತ ಹೇಳ್ತೇನೆ. ಅಂತರ ಕಾಲೇಜು ಕೂಟಗಳು ನಮ್ಮಲ್ಲಿ ಸಾಮಾನ್ಯವಾಗಿ ನಾಕೌಟ್. ಕೊನೆಯ ನಾಲ್ಕಕ್ಕೆ ಬಂದ ಮೇಲೆ ಕೆಲವು ಕಡೆ ಲೀಗ್ ಮಾಡ್ತಾರೆ, ಅಲ್ಲೀತನಕ ಸೋತವರು ಬ್ಯಾಗ್ ಕಟ್ಟಬೇಕು. ನಾವು ಹೋದ ಸಲ ಬೆಳಿಗ್ಗೆ ಐದೂವರೆಗೆ ಹೊರಟು, ಒಂಬತ್ತಕ್ಕೆ ಅಂಗಳಕ್ಕಿಳಿದು, ಹನ್ನೊಂದೂವರೆಗೆ 1–2ರಲ್ಲಿ ಸೋತು, ಮಧ್ಯಾಹ್ನದ ಊಟಕ್ಕೆ ವಾಪಸ್ ಹೊರಟಿದ್ದೆವು. ನಮ್ಮ ಕ್ಯಾಪ್ಟನ್ ಏಳನೇ ಸೆಮಿಸ್ಟರಿನವನು. ಅವನು ಮೂರು ವರ್ಷದಲ್ಲಿ ಕಾಲೇಜಿಗಾಗಿ ಆಡಿದ್ದು ಒಟ್ಟು ನಾಲ್ಕು ಪಂದ್ಯ. ದಿನಾ ಸಂಜೆ ಒಂದೂವರೆ ತಾಸು ಪ್ರಾಕ್ಟೀಸ್, ವರ್ಷಕ್ಕೆ ಒಂದೂ ಚಿಲ್ಲರೆ ಪಂದ್ಯ. ಯಕ್ಷಗಾನದವರಿಗೆ ವರ್ಷವಿಡೀ ಹೆಜ್ಜೆ ಕಲಿಸಿ ಒಂದೇ ಒಂದು ಆಟ ಕೊಟ್ಟರೆ ಅವನು ವೇಷಧಾರಿ ಆಗ್ತಾನಾ?

ನಾವು ಎಂಜಿನಿಯರಿಂಗ್ ಓದೋರು, ಒಂದು ಸಣ್ಣ ಲೆಕ್ಕ ಮಾಡೋಣ. ನಾಕೌಟಿನಲ್ಲಿ 16 ತಂಡ ಇದ್ದರೆ ಒಟ್ಟು 15 ಪಂದ್ಯ, ಯಾಕಂದ್ರೆ ಒಂದೊಂದು ಪಂದ್ಯವೂ ಒಂದೊಂದು ತಂಡವನ್ನು ಹೊರಗೆ ಹಾಕ್ತದೆ, ಕೊನೆಗೆ ಒಂದು ಉಳೀಬೇಕು. 8 ತಂಡಗಳು ಒಂದೇ ಪಂದ್ಯಕ್ಕೆ ಮನೆಗೆ. ತಂಡಕ್ಕೆ ಸರಾಸರಿ ಪಂದ್ಯ 1.875. ಹದಿನಾರಲ್ಲ, ನೂರು ತಂಡ ಬರಲಿ, ಸಾವಿರ ಬರಲಿ, ಈ ಸರಾಸರಿ 2 ಮುಟ್ಟೋದೇ ಇಲ್ಲ. ಅದೇ 6 ತಂಡ ಇಟ್ಟುಕೊಂಡು, ಒಬ್ಬರ ಮೇಲೊಬ್ಬರು ಒಂದೊಂದು ಸಲ ಆಡಿದರೆ? ಆಗಲೂ ಒಟ್ಟು 15 ಪಂದ್ಯವೇ. ಆದರೆ ಪ್ರತಿ ತಂಡಕ್ಕೆ 5. ಖರ್ಚಾಗುವ ಪಂದ್ಯ ಅಷ್ಟೇ, ಸಿಗುವ ಆಟ ಮಾತ್ರ ಎರಡೂವರೆ ಪಟ್ಟಿಗಿಂತ ಜಾಸ್ತಿ. ನಾಕೌಟ್ ಇರೋದು ಗೆದ್ದವನನ್ನು ಬೇಗ ಹುಡುಕೋಕೆ. ಆಟಗಾರನನ್ನು ಬೆಳೆಸೋದು ಅದರ ಕೆಲಸವೇ ಅಲ್ಲ.

ಈ ಎರಡನೇ ಪದ್ಧತಿಗೆ ಅಮೆರಿಕದ ಕಾಲೇಜುಗಳಲ್ಲಿ ಡ್ಯುಯಲ್ ಮ್ಯಾಚ್ ಅಂತಾರೆ. ಎರಡೇ ಕಾಲೇಜು ಮುಖಾಮುಖಿ, ಒಂದು ದಿನ, ಒಂದು ಊರು. ಕನ್ನಡದಲ್ಲಿ ಇದಕ್ಕೆ ಹೆಸರು ಹುಡುಕುವ ಕಷ್ಟವೇ ಇಲ್ಲ, ನಮ್ಮಲ್ಲಿ ಆಗಲೇ ಇದೆ: ಜೋಡಾಟ. ಎರಡು ಮೇಳ, ಅಕ್ಕಪಕ್ಕ ಎರಡು ರಂಗಸ್ಥಳ, ಒಂದೇ ರಾತ್ರಿ. ಇತ್ತ ಭಾಗವತರು ಪದ್ಯ ಎತ್ತಿದರೆ ಅತ್ತ ಚೆಂಡೆ ಏರ್ತದೆ, ನೋಡುವವನಿಗೆ ಕುತ್ತಿಗೆ ತಿರುಗಿಸೋದೇ ಕೆಲಸ. ಕುತ್ತಿಗೆ ತಿರುಗಿಸೋ ವಿಷಯದಲ್ಲಂತೂ ಟೆನಿಸ್ ಪ್ರೇಕ್ಷಕನಿಗೂ ಜೋಡಾಟದ ಪ್ರೇಕ್ಷಕನಿಗೂ ವ್ಯತ್ಯಾಸವೇ ಇಲ್ಲ.

ಅಲ್ಲಿನ ನಿಯಮ ಕೇಳಿ, ಮಜಾ ಇದೆ. ಅಮೆರಿಕದ ಕಾಲೇಜು ಪಂದ್ಯಗಳಲ್ಲಿ ಮೇಲಿನ ಹಂತದವರದ್ದು ಹೀಗೆ: ಮೊದಲು ಮೂರು ಡಬಲ್ಸ್, ಮೂರೂ ಒಟ್ಟಿಗೆ, ಬೇರೆ ಬೇರೆ ಕೋರ್ಟುಗಳಲ್ಲಿ, ಒಂದೊಂದೇ ಸೆಟ್. ಮೂರರಲ್ಲಿ ಎರಡು ಗೆದ್ದ ತಂಡಕ್ಕೆ ಒಂದು ಅಂಕ. ಆಮೇಲೆ ಆರು ಸಿಂಗಲ್ಸ್, ಒಂದೊಂದಕ್ಕೂ ಒಂದು ಅಂಕ. ಒಟ್ಟು 7, ಮೊದಲು 4 ಮುಟ್ಟಿದವರು ಗೆದ್ದ ಹಾಗೆ. 40–40 ಆದರೆ ಡ್ಯೂಸ್ ಅಂತ ಎಳೆಯೋದಿಲ್ಲ, ಮುಂದಿನ ಒಂದೇ ಪಾಯಿಂಟಿಗೆ ಗೇಮ್ ಮುಗೀತು. ಜನವರಿಯಿಂದ ಮೇ ತನಕ ಇದೇ ತಿರುಗಾಟ, ಇಂದು ನಮ್ಮೂರು, ವಾರ ಬಿಟ್ಟು ನಿಮ್ಮೂರು. ದೊಡ್ಡ ತಂಡಗಳು ಒಂದು ಋತುವಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಇಂಥ ಪಂದ್ಯ ಆಡ್ತವೆ.

ಈ ನಿಯಮದ ಒಳಗುಟ್ಟು ಎಲ್ಲಿದೆ ಗೊತ್ತಾ? ಆರನೇ ನಂಬರಿನ ಆಟಗಾರ ಗೆದ್ದರೂ ಒಂದೇ ಅಂಕ, ಒಂದನೇ ನಂಬರಿನವನು ಗೆದ್ದರೂ ಒಂದೇ ಅಂಕ. ಒಬ್ಬ ಹೀರೋ ಇದ್ದರೆ ಸಾಲದು. ಇದಕ್ಕೆ ನಮ್ಮ ದೇಶದವರದ್ದೇ ಉದಾಹರಣೆ ಇದೆ. ಸೋಮ್‌ದೇವ್ ದೇವ್‌ವರ್ಮನ್ ವರ್ಜಿನಿಯಾ ವಿಶ್ವವಿದ್ಯಾಲಯದಲ್ಲಿ ಓದ್ತಾ 2007 ಮತ್ತು 2008ರಲ್ಲಿ ಸತತ ಎರಡು ವರ್ಷ ಅಮೆರಿಕದ ಕಾಲೇಜು ಸಿಂಗಲ್ಸ್ ಚಾಂಪಿಯನ್ ಆದವರು. 2007ರ ಫೈನಲ್‌ನಲ್ಲಿ ಅವರು ಸೋಲಿಸಿದ್ದು ಜಾರ್ಜಿಯಾದ ಜಾನ್ ಇಸ್ನರ್‌ರನ್ನು, ಆಮೇಲೆ ವಿಂಬಲ್ಡನ್‌ನಲ್ಲಿ ಮೂರು ದಿನ ಒಂದೇ ಪಂದ್ಯ ಆಡಿದ ಅದೇ ಇಸ್ನರ್. 2008ರ ಋತುವಿನಲ್ಲಿ ಸೋಮ್‌ದೇವ್ ಗೆದ್ದದ್ದು 44, ಸೋತದ್ದು 1. ಇಷ್ಟಾದರೂ ಆ ಎರಡೂ ವರ್ಷ ರಾಷ್ಟ್ರೀಯ ತಂಡ ಪ್ರಶಸ್ತಿ ಹೋದದ್ದು ಜಾರ್ಜಿಯಾಗೆ. ವರ್ಜಿನಿಯಾ ಅದನ್ನು ಮೊದಲ ಸಲ ಗೆದ್ದದ್ದು 2013ರಲ್ಲಿ, ಸೋಮ್‌ದೇವ್ ಕಾಲೇಜು ಬಿಟ್ಟು ಐದು ವರ್ಷಕ್ಕೆ. ದೇಶದ ಒಂದನೇ ಆಟಗಾರ ನಿಮ್ಮ ಕಡೆ ಇದ್ದರೂ ನಾಲ್ಕು, ಐದು, ಆರನೇ ನಂಬರಿನವರು ಗೆಲ್ಲದಿದ್ದರೆ ಕಪ್ ಬರೋದಿಲ್ಲ.

ಹಾಗಂತ ಆ ತಂಡದಿಂದ ಏನೂ ಬರಲಿಲ್ಲ ಅಂತಲ್ಲ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಪುರುಷರ ಡಬಲ್ಸ್ ಚಿನ್ನ ತಂದ ಜೋಡಿ ಸೋಮ್‌ದೇವ್ ಮತ್ತು ಸನಮ್ ಸಿಂಗ್. ಸನಮ್ ಕೂಡ ವರ್ಜಿನಿಯಾದ ಹುಡುಗ, ಅದೇ ಕಾಲೇಜು ತಂಡ. ನಮ್ಮ ಬೆಂಗಳೂರಿನ ಜೊತೆ ಹೆಸರು ಬೆಸೆದುಕೊಂಡ ಮಹೇಶ್ ಭೂಪತಿ ಕೂಡ ಮಿಸಿಸಿಪಿ ವಿಶ್ವವಿದ್ಯಾಲಯದ ತಂಡದಲ್ಲಿದ್ದವರು. 1995ರಲ್ಲಿ ಅಲಿ ಹಮಾದೆ ಜೊತೆ ಕಾಲೇಜು ಡಬಲ್ಸ್ ಗೆದ್ದರು, ಎರಡೇ ವರ್ಷಕ್ಕೆ, 1997ರಲ್ಲಿ, ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ಡೇವಿಸ್ ಕಪ್ ಅಂತ ಒಂದಿದೆಯಲ್ಲ, ದೇಶ ದೇಶಗಳ ಜೋಡಾಟ, ಅದನ್ನು ಹುಟ್ಟಿಸಿದ ಡ್ವೈಟ್ ಡೇವಿಸ್ ಆಗ ಹಾರ್ವರ್ಡ್‌ನ ವಿದ್ಯಾರ್ಥಿ. 1900ರಲ್ಲಿ ಬ್ರಿಟನ್ನಿನ ಮೇಲೆ ಮೊದಲ ಪಂದ್ಯ ಆಡಿದಾಗ ಅವನಿಗೆ ಇನ್ನೂ 21 ವಯಸ್ಸು. ಅಂದ್ರೆ ನಮ್ಮ ಫೈನಲ್ ಇಯರ್ ಹುಡುಗರ ವಯಸ್ಸು. ನಾವು ಆ ವಯಸ್ಸಿಗೆ ಪ್ರಾಜೆಕ್ಟ್ ರಿಪೋರ್ಟಿನ ಸ್ಪೈರಲ್ ಬೈಂಡಿಂಗ್ ಮಾಡಿಸ್ತಾ ಇರ್ತೇವೆ, ಇರಲಿ.

ಟೆನಿಸ್ ಒಬ್ಬರ ಆಟ, ತಂಡದ ಮಜಾ ಇಲ್ಲ ಅನ್ನೋರು 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ ಅಂಗಳದಲ್ಲಿ ನಡೆದ ಭಾರತ–ಸರ್ಬಿಯಾ ಪಂದ್ಯವನ್ನು ಯೂಟ್ಯೂಬಿನಲ್ಲಿ ಹುಡುಕಿ. ಆಗಿನ ಪದ್ಧತಿ: ಮೂರು ದಿನ, ಎರಡು ಸಿಂಗಲ್ಸ್, ಒಂದು ಡಬಲ್ಸ್, ಮತ್ತೆರಡು ಸಿಂಗಲ್ಸ್. ಮೊದಲ ದಿನ ಯೂಕಿ ಭಾಂಬ್ರಿಯೂ ಸೋತರು, ಸೋಮ್‌ದೇವ್ ಕೂಡ ಸೋತರು, 0–2. ಎರಡನೇ ದಿನ ಡಬಲ್ಸ್‌ನಲ್ಲಿ ಲಿಯಾಂಡರ್ ಪೇಸ್, ನಮ್ಮ ಕೊಡಗಿನ ರೋಹನ್ ಬೋಪಣ್ಣ ಮೊದಲ ಎರಡು ಸೆಟ್ ಕಳಕೊಂಡರು. ಮುಗೀತು ಅಂತ ಎಲ್ಲರೂ ಎದ್ದು ಹೋಗೋ ಹೊತ್ತು. ಅಲ್ಲಿಂದ ಮೂರು ಸೆಟ್ ತೆಗೆದು ಗೆದ್ದರು. ಮೂರನೇ ದಿನ ಸೋಮ್‌ದೇವ್ ಐದು ಸೆಟ್ ಕಾದಾಡಿ ಲಾಯೋವಿಚ್‌ರನ್ನು ಸೋಲಿಸಿ 2–2 ಮಾಡಿದರು. ಕೊನೆಯ ಪಂದ್ಯದ ಹೊತ್ತಿಗೆ ಮಳೆ. ಆಟ ಸೋಮವಾರಕ್ಕೆ ಹೋಯಿತು, ಸೋಮವಾರ ಯೂಕಿ ಸೋತರು, ಭಾರತ 2–3ರಲ್ಲಿ ಸೋತಿತು. ಸೋತರೂ ನಾಲ್ಕು ದಿನ ಉಸಿರು ಹಿಡಿಸಿದ ಪಂದ್ಯ. ಇದೇ ಆಟಗಾರರು ಅದೇ ವಾರ ಯಾವುದೋ ಟೂರ್ನಿಯಲ್ಲಿ ಒಬ್ಬೊಬ್ಬರಾಗಿ ಸೋತಿದ್ದರೆ ಪೇಪರಿನಲ್ಲಿ ಎರಡು ಸಾಲು ಬರ್ತಿತ್ತು.

ಈಗ ನಮ್ಮ ನೆಲಕ್ಕೆ ಬರೋಣ.

ಕಾರವಾರ–ಅಂಕೋಲೆ ಕಡೆ ಟೆನಿಸ್ ಯಾಕಿಲ್ಲ ಅನ್ನೋದಕ್ಕೆ "ಶ್ರೀಮಂತರ ಆಟ" ಅಂತ ಒಂದೇ ಮಾತಿನಲ್ಲಿ ಉತ್ತರ ಕೊಡೋರು ಬಹಳ. ಅರ್ಧ ನಿಜ. ರಾಜ್ಯದ ಬಹುತೇಕ ಜಿಲ್ಲಾ ಕೇಂದ್ರಗಳಲ್ಲಿ ಟೆನಿಸ್ ಕೋರ್ಟ್ ಅಂದ್ರೆ ಆಫೀಸರ್ಸ್ ಕ್ಲಬ್ಬಿನ ಕಾಂಪೌಂಡಿನ ಒಳಗಿನ ವಸ್ತು, ಹೊರಗಿನವರು ಗೇಟಿನಿಂದ ಇಣುಕಬೇಕು. ಆದರೆ ನನಗೆ ಹಣಕ್ಕಿಂತ ಜಾಗದ ಪ್ರಶ್ನೆ ದೊಡ್ಡದಾಗಿ ಕಾಣ್ತದೆ. ನಮ್ಮ ಕಡೆ ಸಹ್ಯಾದ್ರಿ ಸಮುದ್ರಕ್ಕೆ ಎಷ್ಟು ಹತ್ತಿರ ಬರ್ತದೆ ಅಂದ್ರೆ ಗುಡ್ಡಕ್ಕೂ ಅಲೆಗೂ ನಡುವೆ ಒಂದು ಪಟ್ಟಿ ಮಾತ್ರ ಸಮತಟ್ಟು. ಆ ಪಟ್ಟಿಯಲ್ಲೇ ಗದ್ದೆ, ತೋಟ, ಊರು, ಶಾಲೆ. ಅದರಲ್ಲೇ ಕೊಂಕಣ ರೈಲು ಹೋಯಿತು, ಅದರಲ್ಲೇ ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲಾ ಎರಡೂ ತಾಲೂಕಿನ ಊರುಗಳು ಎದ್ದು ಹೋದವು, ಅದರಲ್ಲೇ ಹೆದ್ದಾರಿ 66 ಚತುಷ್ಪಥ ಆಯಿತು. ಗುಡ್ಡ ಕಡಿದ ಜಾಗದಲ್ಲಿ ಏನಾಗ್ತದೆ ಅಂತ 2024ರ ಜುಲೈ 16ಕ್ಕೆ ಶಿರೂರಿನಲ್ಲಿ ನೋಡಿದೆವು. ಮೂರು ವಾರ ಕಳೆದ ಬೆನ್ನಿಗೇ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೇ ಸೇತುವೆ ಬಿತ್ತು. ಇಂಥ ನೆಲದಲ್ಲಿ ಆಟದ ಮೈದಾನ ಕೇಳೋದೇ ಸಂಕೋಚದ ವಿಷಯ.

ಒಂದು ಟೆನಿಸ್ ಕೋರ್ಟಿಗೆ ಸುತ್ತಲಿನ ಜಾಗ ಸೇರಿ 120 ಅಡಿ ಉದ್ದ, 60 ಅಡಿ ಅಗಲ ಬೇಕು. ಆರೂವರೆ ಗುಂಟೆ ಹಿಡೀರಿ. ಅಷ್ಟರಲ್ಲಿ ಆಡೋದು ಹೆಚ್ಚೆಂದರೆ ನಾಲ್ಕು ಜನ. ವಾಲಿಬಾಲ್‌ಗೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಸಾಕು, ಹನ್ನೆರಡು ಜನ ಆಡ್ತಾರೆ. ಕಬಡ್ಡಿಗೆ ಇನ್ನೂ ಕಡಿಮೆ. ದೈಹಿಕ ಶಿಕ್ಷಣದ ಸರ್ ಒಬ್ಬರು ನನಗೆ ಈ ಲೆಕ್ಕ ಹೇಳಿ, "ನೀನೇ ಹೇಳು ಮಾರಾಯಾ, ನಾನು ಯಾವುದಕ್ಕೆ ಜಾಗ ಕೊಡಲಿ?" ಅಂತ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ವಾಲಿಬಾಲ್ ಕೋರ್ಟ್ ತೆಗೆದು ಟೆನಿಸ್ ಮಾಡಿ ಅಂತ ನಾನಂತೂ ಹೇಳೋದಿಲ್ಲ. ಪ್ರತಿ ಕಾಲೇಜಿಗೂ ಒಂದು ಕೋರ್ಟ್ ಬೇಕು ಅಂತಲೂ ಹೇಳೋದಿಲ್ಲ. ಕರಾವಳಿಯಲ್ಲಿ, ಕಾರವಾರದಲ್ಲೋ ಅಂಕೋಲೆಯಲ್ಲೋ, ಕಾಲೇಜು ಹುಡುಗರಿಗೆ ಗೇಟು ತೆರೆದಿರುವ ಒಂದು ಕೋರ್ಟ್ ಇದ್ದರೆ ಸುತ್ತಲಿನ ನಾಲ್ಕು ಕಾಲೇಜಿಗೆ ಸಾಕು. ಜೋಡಾಟದ ಇನ್ನೊಂದು ಅನುಕೂಲವೇ ಅದು. ದಿನಕ್ಕೆ ಎರಡೇ ತಂಡ, ಹಾಗಾಗಿ ಒಂದೇ ಕೋರ್ಟಿನಲ್ಲಿ ನಡೀತದೆ. ಹದಿನಾರು ತಂಡದ ನಾಕೌಟ್ ಮಾಡೋಕೆ ನಾಲ್ಕು ಕೋರ್ಟಾದರೂ ಬೇಕು. ಅದಕ್ಕೇ ಅಂಥ ಕೂಟಗಳು ಯಾವಾಗಲೂ ದೊಡ್ಡ ಊರಲ್ಲೇ ಆಗ್ತವೆ, ಸಣ್ಣ ಊರಿನವರು ಯಾವಾಗಲೂ ಬಸ್ಸಿನಲ್ಲಿ ನಿದ್ದೆಗಣ್ಣಲ್ಲಿ ಹೋಗಿ ಆಡಬೇಕು.

ಕೋರ್ಟ್ ಅಂದ ಕೂಡಲೇ ನೀಲಿ ಬಣ್ಣದ ಸಿಂಥೆಟಿಕ್, ಲಕ್ಷಗಟ್ಟಲೆ ಟೆಂಡರ್ ಅಂತ ತಿಳ್ಕೋಬೇಡಿ. ನಮ್ಮ ದೇಶದಲ್ಲಿ ಸಗಣಿ ಸಾರಿಸಿದ ಮಣ್ಣಿನ ಕೋರ್ಟಿನಲ್ಲಿ ತಲೆಮಾರುಗಟ್ಟಲೆ ಟೆನಿಸ್ ಆಡಿದ್ದಾರೆ. ಅಂಕೋಲೆಯಲ್ಲಿ ಮಣ್ಣಿನ ಅಂಗಳ ಮಾಡೋದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಹಾಳಾದ ಅಂಗಳಕ್ಕೆ ದೀಪಾವಳಿ ಹೊತ್ತಿಗೆ ಹೊಸ ಮಣ್ಣು ಹಾಕಿ, ನೀರು ಚಿಮುಕಿಸಿ, ಬಡಿದು ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸಿ, ಅಡಿಕೆ ಭತ್ತ ಹರಡೋಕೆ ಸಿದ್ಧ ಮಾಡೋದನ್ನು ನಮ್ಮಜ್ಜಿ ಕಾಲದಿಂದ ನೋಡಿದ್ದೇವೆ. ಆ ಅಂಗಳದ ಮೇಲೆ ಚೆಂಡು ಹೇಗೆ ಪುಟಿಯುತ್ತೆ ಅಂತ ನಾನು ರಜೆಯಲ್ಲಿ ಮನೆಯ ಅಂಗಳದಲ್ಲೇ ಗೋಡೆಗೆ ಹೊಡೆದು ನೋಡಿದ್ದೇನೆ. ಸ್ವಲ್ಪ ನಿಧಾನ, ಆದರೆ ಮೋಸ ಇಲ್ಲ. (ಅಜ್ಜಿಗೆ ಮಾತ್ರ ಸಮಾಧಾನ ಇರಲಿಲ್ಲ, ಹಪ್ಪಳ ಒಣಗಿಸಿದ್ದರು.) ಮಳೆಗಾಲದಲ್ಲಿ ಇಂಥ ಕೋರ್ಟ್ ಇರೋದಿಲ್ಲ ನಿಜ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸಿಂಥೆಟಿಕ್ ಇದ್ದರೂ ಆಡೋಕೆ ಬಿಡೋ ಮಳೆ ಅಲ್ಲ ಅದು. ಹಾಗಾಗಿ ಋತು ಯಾವಾಗ ಅನ್ನೋ ಚರ್ಚೆಯೇ ಬೇಡ. ಮೇಳಗಳು ಯಾವಾಗ ಹೊರಡ್ತವೋ ಆಗ ನಾವೂ ಹೊರಡೋದು. ಗೆಜ್ಜೆ ಕಟ್ಟೋದು ನವೆಂಬರ್, ಬಿಚ್ಚೋದು ಪರೀಕ್ಷೆ ಟೈಮ್‌ಟೇಬಲ್ ಬಂದ ದಿನ.

ಯಾರು ಯಾರು ಆಡಬೇಕು? ಉತ್ತರ ಕನ್ನಡ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಕಾಲೇಜು ಬೆರಳೆಣಿಕೆ: ಕಾರವಾರದ ಮಾಜಾಳಿಯಲ್ಲಿ ಸರಕಾರಿ ಕಾಲೇಜು, ಭಟ್ಕಳದಲ್ಲಿ ಅಂಜುಮನ್, ಹಳಿಯಾಳದಲ್ಲಿ ಕೆಎಲ್‌ಎಸ್ ಸಂಸ್ಥೆಯದ್ದು. ಮೂರೂ ವಿಟಿಯು. ಘಟ್ಟದ ಮೇಲಿಂದ ನಾವೊಬ್ಬರು. ನಾಲ್ಕಾಯಿತು. ಐದನೆಯದು ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು ಆಗಬೇಕು ಅಂತ ನನ್ನ ಆಸೆ, ಊರಿನ ಅಭಿಮಾನ ಅಂದುಕೊಳ್ಳಿ. ಗೋಖಲೆಯವರ ಜನ್ಮಶತಮಾನೋತ್ಸವದ ವರ್ಷ, 1966ರಲ್ಲಿ, ನಮ್ಮ ಹುಡುಗರು ಡಿಗ್ರಿಗೆ ಧಾರವಾಡಕ್ಕೆ ಹೋಗೋದು ತಪ್ಪಲಿ ಅಂತ ದಿನಕರ ದೇಸಾಯಿಯವರು ಕಟ್ಟಿದ ಕಾಲೇಜು ಅದು. ಆರನೆಯದು ಕುಮಟೆಯ ಬಾಳಿಗಾ ಕಾಲೇಜು. ಡಿಗ್ರಿ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ, ನಾವು ವಿಟಿಯು ಕೆಳಗೆ, ಅಧಿಕೃತವಾಗಿ ಒಂದೇ ಕೂಟದಲ್ಲಿ ಆಡೋ ಹಾಗಿಲ್ಲ. ಅಧಿಕೃತ ಯಾಕೆ ಬೇಕು? ಸೌಹಾರ್ದ ಪಂದ್ಯಕ್ಕೆ ಎರಡು ಪ್ರಿನ್ಸಿಪಾಲರ ಸಹಿ ಇದ್ದರೆ ಸಾಕು. ಸರ್ಟಿಫಿಕೇಟ್ ಸಿಗೋದಿಲ್ಲ, ಅಷ್ಟೇ. ಸರ್ಟಿಫಿಕೇಟಿಗೋಸ್ಕರ ಟೆನಿಸ್ ಆಡುವವನು ಅಂಕೋಲೆಯಲ್ಲಿ ಹುಟ್ಟಿಲ್ಲ.

ಅಮೆರಿಕದ ಒಂಬತ್ತು ಪಂದ್ಯದ ಪದ್ಧತಿ ನಮಗೆ ಆಗದ ಮಾತು. ಅಷ್ಟು ಹುಡುಗರೂ ಇಲ್ಲ, ಕೋರ್ಟೂ ಇಲ್ಲ. ಎರಡು ಸಿಂಗಲ್ಸ್, ಒಂದು ಡಬಲ್ಸ್, ಒಟ್ಟು ಮೂರು. ಒಂದೊಂದೂ ಎಂಟು ಗೇಮಿನ ಒಂದೇ ಸೆಟ್, ಡ್ಯೂಸ್ ಬಂದರೆ ಒಂದೇ ಪಾಯಿಂಟು. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ ಹನ್ನೆರಡಕ್ಕೆ ಮುಗೀತದೆ. ಒಂದು ಷರತ್ತು ಮಾತ್ರ ನಾನು ಸೇರಿಸ್ತೇನೆ: ಸಿಂಗಲ್ಸ್ ಆಡಿದವನು ಡಬಲ್ಸ್ ಆಡಬಾರದು. ಇದರಿಂದ ಪ್ರತಿ ಪಂದ್ಯಕ್ಕೂ ನಾಲ್ಕು ಜನರೂ ಬೇಕಾಗ್ತಾರೆ. ಈಗ ಏನಾಗ್ತದೆ ಅಂದ್ರೆ ಇರೋ ಒಬ್ಬ ಒಳ್ಳೇ ಆಟಗಾರ ಸಿಂಗಲ್ಸೂ ಆಡ್ತಾನೆ, ಡಬಲ್ಸೂ ಆಡ್ತಾನೆ, ನಾಲ್ಕನೆಯವನು ನೀರಿನ ಬಾಟಲಿ ಹಿಡಕೊಂಡು ಕೂತಿರ್ತಾನೆ. ನಾಲ್ಕನೆಯವನು ಎರಡನೇ ವರ್ಷವೂ ಬಾಟಲಿ ಹಿಡೀಬೇಕು ಅಂದ್ರೆ ಮೂರನೇ ವರ್ಷ ಬರೋದಿಲ್ಲ. ಕಾಲೇಜು ತಂಡಗಳು ಸಾಯೋದು ಹೀಗೆಯೇ. ಒಂದನೇ ನಂಬರಿನವನು ಪಾಸಾಗಿ ಹೋದ ವರ್ಷ ನೋಡಿದರೆ ಹಿಂದೆ ಯಾರೂ ಇರೋದಿಲ್ಲ.

ಖರ್ಚಿನ ಮಾತು ಬಂದೇ ಬರ್ತದೆ. ಒಂದು ದಿನಕ್ಕೆ ನಾಲ್ಕು ಹುಡುಗರ ಬಸ್ ಚಾರ್ಜು, ಮೂರು ಡಬ್ಬಿ ಚೆಂಡು, ಆತಿಥೇಯರ ಕಡೆಯಿಂದ ಎಂಟು ಜನರ ಊಟ. ಕಾರವಾರ–ಅಂಕೋಲೆ ಮಧ್ಯೆ 35 ಕಿಲೋಮೀಟರಿನ ಆಸುಪಾಸು, ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಮೀನೂಟಕ್ಕೆ ಮನೆ. ಭಟ್ಕಳದವರಿಗೆ ರೈಲು ಇದೆ. ಹಳಿಯಾಳದವರು, ನಾವು, ಘಟ್ಟ ಇಳೀಬೇಕು. ನಮಗೆ ಒಂದು ದಿನ ಹೋಗ್ತದೆ, ಅದಕ್ಕೇ ಒಂದು ಶನಿವಾರ ಕಾರವಾರದಲ್ಲಿ, ಮರುದಿನ ಭಾನುವಾರ ಅಂಕೋಲೆಯಲ್ಲಿ, ಒಂದೇ ಪ್ರಯಾಣಕ್ಕೆ ಎರಡು ಜೋಡಾಟ. ರಾತ್ರಿ ಉಳಿಯೋಕೆ ನಮ್ಮ ಮನೆ ಇದೆ. ಚೆಂಡು ಹಳೇದಾದರೆ ಏನು ಮಾಡೋದು ಅಂತ ಆ ಊರಿನವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಸಮಯ ಇಲ್ಲ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ವಿಟಿಯು 2022ರ ಸ್ಕೀಮಿನಲ್ಲಿ ಮೂರರಿಂದ ಆರನೇ ಸೆಮಿಸ್ಟರ್ ತನಕ ಎನ್‌ಎಸ್‌ಎಸ್, ಯೋಗ, ದೈಹಿಕ ಶಿಕ್ಷಣ ಇದರಲ್ಲಿ ಒಂದು ಕಡ್ಡಾಯ. ಕ್ರೆಡಿಟ್ ಸೊನ್ನೆ, ಪಾಸಾಗೋದು ಮಾತ್ರ ಕಡ್ಡಾಯ. ಸೊನ್ನೆ ಕ್ರೆಡಿಟ್ಟಿನ ವಿಷಯಕ್ಕೆ ನಾವು ಏನು ಮರ್ಯಾದೆ ಕೊಡ್ತೇವೆ ಅಂತ ಎಲ್ಲರಿಗೂ ಗೊತ್ತು. ಆ ಅವಧಿಯನ್ನೇ ಪಂದ್ಯದ ಋತುವಿಗೆ ಕೊಡಿ, ಆಡಿದ ಐದು ಪಂದ್ಯಕ್ಕೆ ಆ ಅಂಕ ಹಾಕಿ. ಫೈಲ್ ಬರೆಸೋದಕ್ಕಿಂತ ಕಡಿಮೆ ಕಾಗದ ಖರ್ಚಾಗ್ತದೆ.

ಇಷ್ಟೂ ಹುಡುಗರ ತಂಡದ ಮಾತಾಯಿತು, ನಾನು ಒಳಗಿಂದ ನೋಡಿದ್ದು ಅದೊಂದೇ. ಹುಡುಗಿಯರ ತಂಡದ ಕಥೆ ಇದಕ್ಕಿಂತ ಕಷ್ಟದ್ದು. ಮೂರು ಜನ ಸೇರದೆ ಹೆಸರೇ ಕಳಿಸದ ವರ್ಷಗಳಿವೆ. ಅದನ್ನು ನಮ್ಮ ಮಹಿಳಾ ತಂಡದವರೇ ಬರೀಬೇಕು, ಮುಂದಿನ ಸಂಚಿಕೆಗೆ ಅಂತ ಈಗಾಗಲೇ ಕೇಳಿದ್ದೇನೆ. ಅವರ ಮೊದಲ ಪ್ರತಿಕ್ರಿಯೆ: "ನಿಮ್ಮ ಮೂರು ಪಂದ್ಯದಲ್ಲಿ ಒಂದು ಮಿಕ್ಸೆಡ್ ಡಬಲ್ಸ್ ಯಾಕಿರಬಾರದು?" ನನಗೂ ಉತ್ತರ ಹೊಳೆದಿಲ್ಲ. ಇರಬಹುದು.

ವಿರೋಧವಾಗಿ ಹೇಳೋದಾದರೆ ಒಂದು ಗಟ್ಟಿ ಮಾತಿದೆ, ಅದನ್ನು ತಳ್ಳಿಹಾಕೋಕೆ ಆಗೋದಿಲ್ಲ. ಸೋಲುವ ತಂಡ ಐದು ಸಲ ಸೋತರೆ ಇನ್ನೂ ಮುಜುಗರ ಅಲ್ವಾ, ನಾಕೌಟಿನಲ್ಲಿ ಒಂದೇ ಸಲಕ್ಕೆ ಮುಗೀತಿತ್ತು ಅಂತ ನಮ್ಮ ತಂಡದವನೇ ಒಬ್ಬ ಕೇಳಿದ. ಬೋರ್ಡಿನ ಮೇಲೆ 0–5 ಅಂತ ಬರೀಬೇಕಾದರೆ ಹುಡುಗರು ಅರ್ಧಕ್ಕೇ ಬಿಟ್ಟು ಹೋಗಬಹುದು. ಕ್ರಿಕೆಟ್ ತಂಡಗಳಲ್ಲಿ ಹಾಗಾಗಿದ್ದೂ ಇದೆ. ಆದರೆ ಮೂರು ಪಂದ್ಯದ ಜೋಡಾಟದಲ್ಲಿ 0–3 ಸೋಲು ಬೇರೆ, 1–2 ಸೋಲು ಬೇರೆ. ಎರಡನೇ ವಾರ 0–3 ಇದ್ದದ್ದು ನಾಲ್ಕನೇ ವಾರ 1–2 ಆದರೆ ಅದು ಬೋರ್ಡಿನ ಮೇಲೆ ಕಾಣ್ತದೆ. ನಾಕೌಟಿನಲ್ಲಿ ಆ ನಾಲ್ಕನೇ ವಾರವೇ ಇಲ್ಲ. ಹೋದ ಸಲ ನಾವು 1–2ರಲ್ಲಿ ಸೋತಾಗ ಆ "1" ಗೆದ್ದವನು ನಮ್ಮ ಮೂರನೇ ನಂಬರಿನ ಕಾರವಾರದ ಹುಡುಗ, ಬೈತಖೋಲದವನು, ರಾಕೆಟ್ ಹಿಡಿದು ಎರಡು ವರ್ಷವೂ ಆಗಿರಲಿಲ್ಲ. ಅವನು ಗೆದ್ದ ಮರುದಿನ ಆಡೋಕೆ ಇನ್ನೊಂದು ಪಂದ್ಯ ಇರಲಿಲ್ಲ. ಅವನ ಮುಂದಿನ ಪಂದ್ಯ ಹನ್ನೊಂದು ತಿಂಗಳ ಆಚೆ. ತಂಡವೇ ನಿಂತರೆ, ಅದೂ ಇಲ್ಲ.

ನಮ್ಮ ಕ್ರೀಡಾ ಸಮಿತಿಯ ಸಭೆ ಈ ತಿಂಗಳ ಕೊನೆಗೆ. ನನ್ನ ಬೇಡಿಕೆ ಸಣ್ಣದು: ಟೆನಿಸ್ ತಂಡದ ಹೆಸರನ್ನು ಈ ವರ್ಷ ಪಟ್ಟಿಯಿಂದ ತೆಗೀಬೇಡಿ. ವಿಶ್ವವಿದ್ಯಾಲಯದ ಕೂಟಕ್ಕೆ ಕೊಡುವ ಟಿಎ–ಡಿಎ ಈ ಸಲ ಬೇಕಾದರೆ ಕೊಡಬೇಡಿ, ಅದರ ಬದಲು ಡಿಸೆಂಬರ್, ಜನವರಿಯಲ್ಲಿ ಎರಡು ಸಲ ಕರಾವಳಿಗೆ ಹೋಗಿಬರುವ ಬಸ್ ಚಾರ್ಜು ಕೊಡಿ. ಐದು ಪಂದ್ಯದ ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ನಾವೇ ಹಚ್ಚುತ್ತೇವೆ, 0–3 ಆದರೂ.

ಇನ್ನು ಕಾರವಾರ, ಅಂಕೋಲೆ, ಕುಮಟೆ, ಭಟ್ಕಳ ಕಡೆಯಿಂದ ಬಂದು ಇಲ್ಲಿ ಓದ್ತಾ ಇರೋರಿಗೆ: ದೀಪಾವಳಿ ರಜೆಗೆ ಊರಿಗೆ ಹೋದಾಗ ನಿಮ್ಮ ಪಿಯು ಗೆಳೆಯರು ಯಾವ ಕಾಲೇಜಿನಲ್ಲಿದ್ದಾರೆ ಕೇಳಿ. ಪ್ರತಿ ಕಾಲೇಜಿನಲ್ಲಿ ನಾಲ್ಕು ಜನ ಸಿಕ್ಕರೆ ಸಾಕು, ಟೆನಿಸ್ ಬಾಲ್ ಕ್ರಿಕೆಟ್ ಆಡಿದ ಕೈಗೆ ಚೆಂಡಿನ ಅಂದಾಜು ಆಗಲೇ ಇರ್ತದೆ. ಅಂಕೋಲೆಯಲ್ಲಿ ಅಂಗಳ ಬಡಿಯೋಕೆ ಜಾಗ ಕೊಡೋರು ಇದ್ದರೆ ಸಂಘದ ಕೋಣೆಗೆ ಬಂದು ತಿಳಿಸಿ. ರಾಕೆಟ್ ಹಳೇದು ಮೂರು ನಮ್ಮ ಹತ್ತಿರ ಇವೆ. ನೆಟ್ ಕೂಡ ಒಂದು ಹೆಚ್ಚಿಗೆ ಇದೆ, ನಡುವೆ ಎರಡು ಕಡೆ ಹರಿದಿದೆ. ಬೈತಖೋಲದ ಹುಡುಗ ಅದನ್ನು ನೋಡಿ, "ಇಷ್ಟೇನಾ, ನಮ್ಮಪ್ಪ ಅರ್ಧ ತಾಸಿನಲ್ಲಿ ಹೆಣೆದು ಕೊಡ್ತಾರೆ" ಅಂದಿದ್ದಾನೆ.